ಭಿನ್ನಮತದ ಬೆಲೆ

ಕನ್ನಡ ಪತ್ರಿಕೆ ಓದುವವರಿಗೆ ‘ಭಿನ್ನಮತ’ ಬಹಳ ಪರಿಚಿತ ಪದ. ಪಕ್ಷದೊಳಗೆ ಭಿನ್ನಮತ ಸ್ಫೋಟಗೊಳ್ಳುತ್ತದೆ, ವರಿಷ್ಠರು ಬಂದು ಅದನ್ನು ಶಮನ ಮಾಡುತ್ತಾರೆ. ಪದಕ್ಕೆ ಈ ಒಂದೇ ಬದುಕು ಉಳಿದುಬಿಟ್ಟರೆ ನಷ್ಟ ನಮ್ಮದೇ. ಏಕೆಂದರೆ ಅದರ ಒಡಲಲ್ಲಿರುವ ‘ಮತ’ ತೂಕದ ಮಾತು. ಧರ್ಮವೂ ಮತ, ಅಭಿಪ್ರಾಯವೂ ಮತ, ಚುನಾವಣೆಯಲ್ಲಿ ಹಾಕುವುದೂ ಮತ. ಈ ಮೂರೂ ಅರ್ಥಗಳಲ್ಲಿ ಒಟ್ಟಿಗೇ ಭಿನ್ನರಾಗಿ ಬಾಳಿದ ದೊಡ್ಡ ಜನಸಮೂಹವೊಂದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿತ್ತು. ಅವರನ್ನು ಡಿಸೆಂಟರುಗಳೆಂದು ಕರೆಯುತ್ತಿದ್ದರು. ಭಿನ್ನಮತೀಯರು ಎಂಬ ನಮ್ಮ ಪದ ಅವರಿಗೆ ಒಪ್ಪುವಷ್ಟು ಇನ್ಯಾರಿಗೂ ಒಪ್ಪದು ಎಂದು ನನಗನ್ನಿಸುತ್ತದೆ.

ಡಿಸೆಂಟ್ ಎಂಬುದರ ಮೂಲ ಲ್ಯಾಟಿನ್. ಬೇರೆಯಾಗಿ ಭಾವಿಸುವುದು ಎಂದಷ್ಟೇ ಅದರ ಅರ್ಥ. ಆದರೆ 1662ರ ಏಕರೂಪತಾ ಕಾಯಿದೆ ಹಾಗೆ ಭಾವಿಸುವುದನ್ನೇ ದುಬಾರಿ ಮಾಡಿತು. ಚರ್ಚ್ ಆಫ್ ಇಂಗ್ಲೆಂಡಿನ ಪ್ರತಿಯೊಬ್ಬ ಪಾದ್ರಿಯೂ ಅಧಿಕೃತ ಪ್ರಾರ್ಥನಾ ಪುಸ್ತಕದಲ್ಲಿರುವುದನ್ನೆಲ್ಲ ಒಪ್ಪುತ್ತೇನೆಂದು ಬಹಿರಂಗವಾಗಿ ಹೇಳಬೇಕಾಯಿತು. ಆ ಒಂದೆರಡು ವರ್ಷಗಳಲ್ಲಿ ಸುಮಾರು 2000 ಪಾದ್ರಿಗಳು ತಮ್ಮ ಸ್ಥಾನ ಕಳೆದುಕೊಂಡರು. 1689ರಲ್ಲಿ ಬೇರೆಯಾಗಿ ಆರಾಧಿಸಲು ಅನುಮತಿ ಸಿಕ್ಕಿತು. ದೇವರ ತ್ರಿತ್ವವನ್ನು ಒಪ್ಪದ ಯುನಿಟೇರಿಯನ್ನರು ಮಾತ್ರ ಅದಕ್ಕಾಗಿ 1813ರವರೆಗೆ ಕಾಯಬೇಕಾಯಿತು.

ಇವರಲ್ಲಿ ಬಹುಪಾಲು ಜನ ಕ್ರಿಸ್ತನ ವಿಷಯದಲ್ಲಾಗಲಿ ಸತ್ಯವೇದದ ವಿಷಯದಲ್ಲಾಗಲಿ ಸರ್ಕಾರಿ ಚರ್ಚಿನೊಂದಿಗೆ ಜಗಳಕ್ಕಿಳಿದವರಲ್ಲ. ಜಗಳ ಇದ್ದದ್ದು ಚರ್ಚು ಎಂದರೆ ಯಾರು ಎಂಬುದರ ಬಗ್ಗೆ. ಅಧಿಕೃತ ಚರ್ಚಿನ ಲೆಕ್ಕದಲ್ಲಿ ಅದರ ಸ್ಥಳೀಯ ವಿಭಾಗವಾದ ಒಂದು ಪ್ಯಾರಿಷ್‌ನಲ್ಲಿ ಇರುವವರೆಲ್ಲ ಅದರವರೇ. ಅದರ ಆಡಳಿತಕ್ಕೆ ರಾಣಿಯೇ ಮುಖ್ಯಸ್ಥೆ, ಬಿಷಪ್ಪರ ನೇಮಕ ಪ್ರಧಾನಿಯ ಸಲಹೆಯಂತೆ. ಭಿನ್ನಮತೀಯರಲ್ಲಿ ಒಂದು ಪಂಗಡವಾದ ಕಾಂಗ್ರಿಗೇಷನಲಿಸ್ಟರು ಇದನ್ನು ಒಪ್ಪಲಿಲ್ಲ. ತಾವಾಗಿ ನಂಬಿ, ಒಡಂಬಡಿಕೆ ಮಾಡಿಕೊಂಡು ಒಂದೆಡೆ ಕೂಡಿದ ಜನರೇ ಚರ್ಚು ಎಂದರು. ಬ್ಯಾಪ್ಟಿಸ್ಟರು ಇನ್ನೊಂದು ಹೆಜ್ಜೆ ಮುಂದೆ ಹೋದರು. ನಂಬಿಕೆಯನ್ನು ತನ್ನ ಬಾಯಿಂದಲೇ ಹೇಳಬಲ್ಲವನಿಗೆ ಮಾತ್ರ ದೀಕ್ಷಾಸ್ನಾನ, ಹಸುಗೂಸಿಗಲ್ಲ ಎಂದರು. ಕನ್ನಡದ ಪ್ರಾಟೆಸ್ಟೆಂಟರು ಇಂದಿಗೂ ಚರ್ಚಿಗೆ ‘ಸಭೆ’ ಎನ್ನುತ್ತಾರೆ, ಅದನ್ನು ನಡೆಸುವವರು ಸಭಾಪಾಲಕರು. ಆ ಇಂಗ್ಲಿಷ್ ಭಿನ್ನಮತೀಯರು ಹೇಳಲು ಹೊರಟದ್ದೆಲ್ಲ ಈ ಎರಡಕ್ಷರದಲ್ಲಿದೆ.

ನಂಬಿಕೆ ಕಾನೂನಿನಿಂದ ಹುಟ್ಟುವುದಿಲ್ಲವೆಂದ ಮೇಲೆ ಕಾನೂನು ಅದನ್ನು ಸಾಕಲೂಬಾರದು. ದೇವರ ಕುರಿತ ಈ ವಿಚಾರವೇ ರಾಜಕೀಯವಾಯಿತು. ಎಡ್ವರ್ಡ್ ಮಯಲ್ ಎಂಬ ಕಾಂಗ್ರಿಗೇಷನಲ್ ಪಾದ್ರಿ ತಮ್ಮ ಸಭೆಯ ಕೆಲಸ ಬಿಟ್ಟು 1841ರಲ್ಲಿ ‘ದಿ ನಾನ್‌ಕನ್ಫಾರ್ಮಿಸ್ಟ್’ ಪತ್ರಿಕೆ ತೆರೆದರು. 1844ರಲ್ಲಿ, ಚರ್ಚಿಗೂ ರಾಜ್ಯಕ್ಕೂ ಇರುವ ನಂಟು ಕಡಿಯಲೆಂದೇ ಒಂದು ಸಂಘ ಕಟ್ಟಿದರು.

ಭಿನ್ನಮತಕ್ಕೆ ತೆರಬೇಕಾದ ಬೆಲೆ ಹುಟ್ಟಿನಿಂದ ಸಾವಿನವರೆಗೂ ಇತ್ತು. 1837ರವರೆಗೆ ಕ್ವೇಕರರು ಮತ್ತು ಯಹೂದಿಗಳನ್ನು ಬಿಟ್ಟರೆ ಉಳಿದವರೆಲ್ಲರ ಮದುವೆ ಕಾನೂನಿನ ಕಣ್ಣಿಗೆ ಮದುವೆಯಾಗಬೇಕಾದರೆ ಪ್ಯಾರಿಷ್ ಚರ್ಚಿನಲ್ಲೇ ಆಗಬೇಕಿತ್ತು. ತಾವು ಕಾಲಿಡದ ಆ ಚರ್ಚಿನ ಕಟ್ಟಡದ ದುರಸ್ತಿಗೂ ಇವರು ತೆರಿಗೆ ಕೊಡಬೇಕಿತ್ತು. ಚೆಲ್ಮ್ಸ್‌ಫರ್ಡಿನ ಜಾನ್ ಥೊರೊಗುಡ್ ಚಪ್ಪಲಿ ಹೊಲಿಯುವವನು. ಕೆಲವೇ ಶಿಲಿಂಗುಗಳ ಆ ತೆರಿಗೆಯನ್ನು ಕೊಡೆನೆಂದು 1839ರಲ್ಲಿ ಸೆರೆಮನೆಗೆ ಹೋಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದ. ಆ ಕಡ್ಡಾಯ ಕೊನೆಗೊಂಡದ್ದು 1868ರಲ್ಲಿ. ಆಕ್ಸ್‌ಫರ್ಡ್ ಸೇರಲು ಅಧಿಕೃತ ಚರ್ಚಿನ ಮೂವತ್ತೊಂಬತ್ತು ಸೂತ್ರಗಳಿಗೆ ಸಹಿ ಬೇಕಿತ್ತು. 1854 ಮತ್ತು 1856ರ ಕಾಯಿದೆಗಳು ಆಕ್ಸ್‌ಫರ್ಡ್, ಕೇಂಬ್ರಿಡ್ಜುಗಳ ಬಾಗಿಲನ್ನು ಅರೆ ತೆರೆದವು. 1860ರಲ್ಲಿ ಕೇಂಬ್ರಿಡ್ಜಿನ ಗಣಿತ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ ಬಂದ ಜೇಮ್ಸ್ ಸ್ಟರ್ಲಿಂಗ್ ಆಂಗ್ಲಿಕನ್, ಅಂದರೆ ಅಧಿಕೃತ ಚರ್ಚಿನವರು, ಅಲ್ಲವೆಂಬ ಕಾರಣಕ್ಕೆ ಕಾಲೇಜಿನ ಫೆಲೋ ಆಗಲಾರದೆ ಹೋದರು. ಆ ತಡೆ 1871ರಲ್ಲಿ ಹೋಯಿತು.

ಸತ್ತ ಮೇಲೂ ಬಿಡುಗಡೆಯಿಲ್ಲ. 1878ರಲ್ಲಿ ಸಫೊಕ್ ಪ್ರಾಂತ್ಯದ ಏಕನಮ್ ಎಂಬ ಹಳ್ಳಿಯಲ್ಲಿ ಬ್ಯಾಪ್ಟಿಸ್ಟ್ ಮನೆಯ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ದೀಕ್ಷಾಸ್ನಾನವಾಗದ ಮಗುವಿಗೆ ತಮ್ಮ ಸ್ಮಶಾನದಲ್ಲಿ ಕ್ರೈಸ್ತ ವಿಧಿ ಸಲ್ಲದೆಂದು ಊರಿನ ಆಂಗ್ಲಿಕನ್ ಪಾದ್ರಿ ಪಟ್ಟು ಹಿಡಿದರು. ಮಗುವಿನ ಕಡೆಯ ಪಾದ್ರಿ ಸ್ಮಶಾನದ ಹೊರಗೆ ನಿಂತು ಪ್ರಾರ್ಥಿಸಬೇಕಾಯಿತು. ಶವ ಕಾದಿರುವಾಗ ಇಬ್ಬರು ಪಾದ್ರಿಗಳ ನಡುವೆ ವಾಗ್ವಾದ. ಸುದ್ದಿ ದೇಶವೆಲ್ಲ ಹಬ್ಬಿತು. ಪ್ಯಾರಿಷ್ ಸ್ಮಶಾನದಲ್ಲಿ ತಮ್ಮದೇ ರೀತಿಯಲ್ಲಿ ಮಣ್ಣು ಮಾಡುವ ಹಕ್ಕು ಭಿನ್ನಮತೀಯರಿಗೆ ದಕ್ಕಿದ್ದು 1880ರ ಕಾಯಿದೆಯಿಂದ.

ಇಷ್ಟೆಲ್ಲ ತೆತ್ತವರು ಬರೀ ಬೇಡವೆಂದು ಕೂತಿರಲಿಲ್ಲ. ತಮ್ಮದೇ ಆರಾಧನಾ ಮಂದಿರಗಳಾದ ಚಾಪೆಲ್‌ಗಳನ್ನು ಕಟ್ಟಿದರು. ಪಾದ್ರಿಯ ಸಂಬಳ, ಕಟ್ಟಡದ ಸಾಲ, ಭಾನುವಾರದ ಶಾಲೆ, ಎಲ್ಲಕ್ಕೂ ಹಣ ಅವರ ಜೇಬಿನದೇ. ಕಾಂಗ್ರಿಗೇಷನಲ್, ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಪಾದ್ರಿಯನ್ನು ಆರಿಸುವವರು ಸದಸ್ಯರೇ. ದೇಶದ ಚುನಾವಣೆಯಲ್ಲಿ ಮತವಿಲ್ಲದ ಬಡವರು ಮತ ಹಾಕುವುದನ್ನು, ಲೆಕ್ಕ ಇಡುವುದನ್ನು, ಎದ್ದು ನಿಂತು ಮಾತಾಡುವುದನ್ನು ಕಲಿತದ್ದು ಚಾಪೆಲ್‌ಗಳಲ್ಲಿ. ಇನ್ನೊಂದು ಭಿನ್ನಮತೀಯ ಪಂಗಡವಾದ ಪ್ರಿಮಿಟಿವ್ ಮೆಥಡಿಸ್ಟರ ನಡುವೆ ಬೋಧನೆ ಮಾಡುತ್ತಿದ್ದ ಜೋಸೆಫ್ ಆರ್ಚ್ ಎಂಬ ಕೂಲಿಯಾಳು 1872ರಲ್ಲಿ ಕೃಷಿ ಕಾರ್ಮಿಕರ ರಾಷ್ಟ್ರೀಯ ಸಂಘಕ್ಕೆ ಮುಂದಾಳಾದ, 1885ರಲ್ಲಿ ಪಾರ್ಲಿಮೆಂಟಿಗೆ ಹೋದ. ಮತ ಎಂಬ ಪದದ ಮೂರನೆಯ ಅರ್ಥ ಮೊದಲನೆಯದರ ಮಡಿಲಲ್ಲಿ ಬೆಳೆದದ್ದು ಹೀಗೆ.

1851ರ ಮಾರ್ಚ್ 30, ಭಾನುವಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ದಿನ ಯಾರು ಎಲ್ಲಿ ಆರಾಧನೆಗೆ ಹೋದರೆಂದು ಸರ್ಕಾರ ಎಣಿಸಿತು. ಸರಿಸುಮಾರು ಅರ್ಧದಷ್ಟು ಹಾಜರಿ ಅಧಿಕೃತ ಚರ್ಚಿನ ಹೊರಗಿತ್ತು. ಅಲ್ಲಿಂದಾಚೆಗೆ ಡಿಸೆಂಟರ್ ಎಂಬ ಹೆಸರು ಅವರಿಗೆ ಚಿಕ್ಕದಾಗತೊಡಗಿತು. ನಾನ್‌ಕನ್ಫಾರ್ಮಿಸ್ಟ್ ಎಂಬುದು ಮುಂದೆ ಬಂತು, ಶತಮಾನದ ಕೊನೆಗೆ ‘ಫ್ರೀ ಚರ್ಚ್’. ಮೊದಲೆರಡು ಹೆಸರುಗಳಲ್ಲಿ ಒಪ್ಪದವರು ಎಂಬ ಗುರುತಿದೆ, ಮೂರನೆಯದರಲ್ಲಿ ತಾವೇನು ಎಂಬುದಿದೆ.

ಆದರೆ ತಮ್ಮೊಳಗೇ ಒಪ್ಪದವರು ಎದ್ದಾಗ ಇವರು ಏನು ಮಾಡಿದರು? ಈ ಭಾಗ ನನ್ನನ್ನು ಕಾಡುತ್ತದೆ. ಮ್ಯಾಂಚೆಸ್ಟರಿನ ಲ್ಯಾಂಕಾಷೈರ್ ಇಂಡಿಪೆಂಡೆಂಟ್ ಕಾಲೇಜು ಕಾಂಗ್ರಿಗೇಷನಲಿಸ್ಟರದು. ಸತ್ಯವೇದದ ಮೊದಲ ಐದು ಪುಸ್ತಕಗಳನ್ನು ಪೂರ್ತಿ ಮೋಶೆಯೇ ಬರೆದನೆಂಬುದನ್ನು ಪ್ರಶ್ನಿಸಿದ ಅಲ್ಲಿನ ಅಧ್ಯಾಪಕ ಸ್ಯಾಮ್ಯುಯೆಲ್ ಡೇವಿಡ್‌ಸನ್ 1857ರಲ್ಲಿ ಒತ್ತಡಕ್ಕೆ ಸಿಕ್ಕಿ ಹುದ್ದೆ ಬಿಟ್ಟರು. 1887ರಲ್ಲಿ, ಲಂಡನ್ನಿನಲ್ಲಿ ವಾರವಾರ ಸಾವಿರಾರು ಜನರಿಗೆ ಬೋಧಿಸುತ್ತಿದ್ದ ಚಾರ್ಲ್ಸ್ ಸ್ಪರ್ಜನ್ ಬ್ಯಾಪ್ಟಿಸ್ಟ್ ಯೂನಿಯನ್ ತೊರೆದರು. ಕ್ರಿಸ್ತನ ಪ್ರಾಯಶ್ಚಿತ್ತದ ಬಗ್ಗೆ, ಸತ್ಯವೇದದ ಪ್ರಾಮಾಣ್ಯದ ಬಗ್ಗೆ ಕೆಲವು ಪಾದ್ರಿಗಳು ಜಾರುತ್ತಿದ್ದಾರೆ, ಎಲ್ಲರನ್ನೂ ಕಟ್ಟಿಹಾಕುವ ಸ್ಪಷ್ಟ ವಿಶ್ವಾಸಸೂತ್ರ ಬೇಕು ಎಂಬುದು ಅವರ ವಾದ. ಸ್ಪರ್ಜನ್‌ರ ಕಳಕಳಿ ನಿಜವಾದದ್ದು. ಅವರ ಮಟ್ಟಿಗೆ ಅದು ಸುವಾರ್ತೆಯ ಅಳಿವು ಉಳಿವಿನ ಪ್ರಶ್ನೆ. ಆದರೂ ಸಹಿ ಹಾಕೆವೆಂದು ಬೀದಿಗೆ ಬಂದವರ ಪರಂಪರೆಯಲ್ಲೇ ಸಹಿಯ ಬೇಡಿಕೆ ಹುಟ್ಟಿತ್ತು.

ಆಗ ಸ್ಪರ್ಜನ್‌ರ ಎದುರು ಬದಿಯಲ್ಲಿ ನಿಂತವರು ಇನ್ನೊಬ್ಬ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲಿಫರ್ಡ್. 1902ರ ಶಿಕ್ಷಣ ಕಾಯಿದೆ ಚರ್ಚಿನ ಶಾಲೆಗಳಿಗೆ ಸ್ಥಳೀಯ ತೆರಿಗೆಯ ಹಣ ಕೊಟ್ಟಾಗ, ತೆರಿಗೆ ನಿರಾಕರಿಸಿ ಮನೆಯ ಸಾಮಾನು ಹರಾಜಾಗಲು ಬಿಟ್ಟ ಚಳವಳಿಗೆ ಅವರೇ ನಾಯಕ. ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಇತಿಹಾಸ ಬರೆಯುವಾಗ ಗಾಂಧೀಜಿ ಕ್ಲಿಫರ್ಡ್‌ರ ಆ ಪ್ರತಿರೋಧವನ್ನು ಹೆಸರಿಸಿ, ತಮ್ಮ ಸತ್ಯಾಗ್ರಹ ಅದಕ್ಕಿಂತ ಹೇಗೆ ಬೇರೆ ಎಂದು ವಿವರಿಸಿದರು.

ನಮ್ಮ ನಾಡಿಗೂ ಈ ಜನ ಬಂದರು. ಬಹುಮಟ್ಟಿಗೆ ಕಾಂಗ್ರಿಗೇಷನಲಿಸ್ಟರದಾಗಿದ್ದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರಲು ದುಡಿದರು. ಅದೇ ಸೊಸೈಟಿಯ ಬೆಂಜಮಿನ್ ರೈಸ್‌ರ ಮಗನಾಗಿ ಬೆಂಗಳೂರಿನಲ್ಲಿ ಹುಟ್ಟಿದವರು ಶಾಸನಗಳ ಬಿ.ಎಲ್. ರೈಸ್. ಅವರು ಹುಟ್ಟಿದ್ದೂ ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದೂ 1837ರಲ್ಲೇ. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ನರು, ಮೆಥಡಿಸ್ಟರು, ಕಾಂಗ್ರಿಗೇಷನಲಿಸ್ಟರು, ಪ್ರೆಸ್ಬಿಟೇರಿಯನ್ನರು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಆದರು. ಭಿನ್ನಮತೀಯರು ಬಿಷಪ್ಪರನ್ನು ಒಪ್ಪಿಕೊಂಡರು. ಭಿನ್ನಮತೀಯ ಪಾದ್ರಿಗಳನ್ನು ಮತ್ತೊಮ್ಮೆ ಪಾದ್ರಿದೀಕ್ಷೆಗೆ ಒಳಪಡಿಸದೆಯೇ ಹೊಸ ಚರ್ಚು ತನ್ನವರೆಂದು ಒಪ್ಪಿಕೊಂಡಿತು. ಇಂಗ್ಲೆಂಡಿನಲ್ಲಿ ಆ ಕೂಡುವಿಕೆ ಇಂದಿಗೂ ಆಗಿಲ್ಲ.

ಒಪ್ಪುವುದಿಲ್ಲ ಎನ್ನಲು ಒಂದು ಗಳಿಗೆ ಸಾಕು. ಆ ಮಾತನ್ನು ಎರಡು ಶತಮಾನ ಬಾಳಿಸಲು ಕಟ್ಟಡ, ಹಣ, ಶಾಲೆ, ಸೆರೆಮನೆಯ ದಿನಗಳು, ಮಕ್ಕಳಿಗೆ ತಪ್ಪಿದ ಅವಕಾಶಗಳು ಬೇಕಾದವು. ಹಾಗಾಗಿ ಯಾರನ್ನಾದರೂ ಭಿನ್ನಮತೀಯರೆಂದು ಕರೆಯುವಾಗ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳಬೇಕೆಂದು ನನ್ನ ಆಸೆ. ತಮ್ಮ ಮಾತಿಗಾಗಿ ಅವರು ಏನು ತೆತ್ತರು? ತಮ್ಮ ಮಾತನ್ನು ಒಪ್ಪದವರಿಗೆ ತಮ್ಮ ನಡುವೆ ಎಷ್ಟು ಜಾಗ ಬಿಟ್ಟರು? ಮೊದಲ ಪ್ರಶ್ನೆಗೆ ವಿಕ್ಟೋರಿಯಾ ಕಾಲದ ಚಾಪೆಲ್‌ನವರು ತಲೆಯೆತ್ತಿ ಉತ್ತರ ಕೊಡಬಲ್ಲರು. ಎರಡನೆಯದರಲ್ಲಿ ಅವರೂ ಎಡವಿದ್ದಾರೆ. ಭಿನ್ನಮತ ಎಂಬ ಪದ ತನ್ನ ಪೂರ್ಣ ಅರ್ಥಕ್ಕೆ ಬರಬೇಕಾದರೆ ಎರಡಕ್ಕೂ ಉತ್ತರ ಬೇಕು.