ಕುಲಾಂತರಿ ಆಹಾರ: ಪ್ರಯೋಜನಗಳು, ಅಪಾಯಗಳು ಮತ್ತು ಗ್ರಾಹಕರು ತಿಳಿದಿರಬೇಕಾದ ಅಂಶಗಳು

ಒಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿ, ಸಹಜ ಸಂಕರಣದಿಂದ ಸಾಧ್ಯವಾಗದ ರೀತಿಯಲ್ಲಿ ಮತ್ತೊಂದು ಜೀವಿಗೆ ಸೇರಿಸಿದಾಗ ದೊರೆಯುವ ತಳಿಯನ್ನು ಕುಲಾಂತರಿ ತಳಿಯೆಂದು ಕರೆಯಲಾಗುತ್ತದೆ. ಇಂತಹ ತಳಿಯಿಂದ ದೊರೆತ ಧಾನ್ಯ, ತರಕಾರಿ, ಹಣ್ಣು, ಎಣ್ಣೆ ಹಾಗೂ ಅವುಗಳಿಂದ ತಯಾರಿಸಿದ ಪದಾರ್ಥಗಳು ಕುಲಾಂತರಿ ಆಹಾರವೆನಿಸಿಕೊಳ್ಳುತ್ತವೆ. ಹೈಬ್ರಿಡ್ ಟೊಮ್ಯಾಟೊ, ಬೀಜರಹಿತ ದ್ರಾಕ್ಷಿ, ಬೀಜವಿಲ್ಲದ ಕಲ್ಲಂಗಡಿ ಮುಂತಾದವುಗಳನ್ನು ಕುಲಾಂತರಿಯೆಂದು ಭಾವಿಸುವವರು ಅನೇಕರಿದ್ದಾರೆ. ಇದು ಸರಿಯಲ್ಲ. ಇವು ಸಂಕರಣ ಹಾಗೂ ಆಯ್ಕೆಯ ಹಳೆಯ ವಿಧಾನಗಳಿಂದ ಬಂದ ತಳಿಗಳು.

ಕುಲಾಂತರಿ ಆಹಾರವು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಯಾವ ಬೆಳೆ, ಯಾವ ವಂಶವಾಹಿ, ಯಾವ ಉದ್ದೇಶ, ಯಾವ ನೆಲ ಎಂಬುದನ್ನು ಅನುಸರಿಸಿ ಉತ್ತರವು ಬದಲಾಗುತ್ತದೆ. 2003ರಲ್ಲಿ ಕೋಡೆಕ್ಸ್ ಅಂತರರಾಷ್ಟ್ರೀಯ ಆಹಾರ ಮಾನದಂಡ ಆಯೋಗವು ಅಂಗೀಕರಿಸಿದ ಮಾರ್ಗಸೂಚಿಗಳೂ ಪ್ರತಿಯೊಂದು ತಳಿಯನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕೆಂದು ಹೇಳುತ್ತವೆ. ಭಾರತದಲ್ಲಿ ಈ ಚರ್ಚೆಯು ಅತ್ಯಂತ ವಿಸ್ತಾರವಾಗಿ ನಡೆದದ್ದು ಬಿಟಿ ಬದನೆಯ ವಿಷಯದಲ್ಲಿ. ಕರ್ನಾಟಕಕ್ಕೂ ನೇರ ಸಂಬಂಧವಿರುವ ಈ ನಿದರ್ಶನವನ್ನು ಇಲ್ಲಿ ಮುಖ್ಯವಾಗಿ ವಿವರಿಸಲಾಗಿದೆ.

ಬಿಟಿ ಬದನೆ ಎಂದರೇನು?

ಬದನೆಯ ಪ್ರಧಾನ ಶತ್ರು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಮೊಟ್ಟೆಯಿಂದ ಹೊರಬಂದ ಮರಿಹುಳುವು ಎಳೆಯ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಸೇರುತ್ತದೆ. ಒಳಸೇರಿದ ಹುಳುವಿಗೆ ಮೇಲೆ ಸಿಂಪಡಿಸಿದ ಔಷಧವು ತಾಗುವುದಿಲ್ಲ. ಆದುದರಿಂದ ರೈತರು ಹುಳು ಕಾಣಿಸಿಕೊಳ್ಳುವ ಮೊದಲೇ, ದಿನ ಲೆಕ್ಕ ಹಾಕಿ, ಒಂದೇ ಬೆಳೆಗೆ ಹಲವಾರು ಬಾರಿ ಕೀಟನಾಶಕ ಸಿಂಪಡಿಸುತ್ತಾರೆ. ಅದರ ಒಂದು ಪಾಲು ಸಿಂಪಡಿಸುವವರ ಮೈಮೇಲೆ ಬೀಳುತ್ತದೆ. ಮತ್ತೊಂದು ಪಾಲು ಕಾಯಿಯೊಡನೆ ಸಂತೆಗೆ ಬರುತ್ತದೆ. ಕುಲಾಂತರಿ ತಂತ್ರಜ್ಞಾನದ ಪರ ಮತ್ತು ವಿರೋಧ ವಾದಗಳನ್ನು ತೂಗುವಾಗ ಈ ವಾಸ್ತವವನ್ನು ಮರೆಯಬಾರದು. ಕುಲಾಂತರಿಯಲ್ಲದ ಬದನೆಯು ತನ್ನಷ್ಟಕ್ಕೆ ತಾನೇ ನಿರಪಾಯಕಾರಿಯಾಗಿಬಿಡುವುದಿಲ್ಲ.

ಮಣ್ಣಿನಲ್ಲಿ ಸಹಜವಾಗಿ ವಾಸಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯವು ಕೆಲವು ಜಾತಿಯ ಹುಳುಗಳಿಗೆ ವಿಷವಾಗುವ ಸಸಾರಜನಕವನ್ನು ಉತ್ಪಾದಿಸುತ್ತದೆ. ‘ಬಿಟಿ’ ಎಂಬುದು ಅದರ ಹೆಸರಿನ ಸಂಕ್ಷಿಪ್ತ ರೂಪ. ಈ ಬ್ಯಾಕ್ಟೀರಿಯದ ಕ್ರೈ1ಎಸಿ ಎಂಬ ವಂಶವಾಹಿಯನ್ನು ಸೇರಿಸಿದ ಬದನೆ ಗಿಡವು ತಾನೇ ಆ ಸಸಾರಜನಕವನ್ನು ತಯಾರಿಸಿಕೊಳ್ಳುತ್ತದೆ. ಕ್ಷಾರೀಯವಾದ ಹುಳುವಿನ ಕರುಳಿನಲ್ಲಿ ಅದು ಸಕ್ರಿಯಗೊಂಡು, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ಹುಳುವನ್ನು ಕೊಲ್ಲುತ್ತದೆ. ಮನುಷ್ಯನ ಜಠರವು ಆಮ್ಲೀಯವಾದುದು, ಮತ್ತು ಅಂತಹ ಗ್ರಾಹಕಗಳು ಮನುಷ್ಯನ ಕರುಳಿನಲ್ಲಿ ಕಂಡುಬಂದಿಲ್ಲ. ಇದು ಸುರಕ್ಷತೆಯ ಪರವಾದ ಮುಖ್ಯ ವಾದ. ಇದೇ ಬ್ಯಾಕ್ಟೀರಿಯವನ್ನು ಸಾವಯವ ಕೃಷಿಕರೂ ಸಿಂಪಡಣೆಯ ರೂಪದಲ್ಲಿ ಬಳಸುತ್ತ ಬಂದಿದ್ದಾರೆ. ಆದರೆ ಸಿಂಪಡಣೆಯು ಬಿಸಿಲು ಮಳೆಗೆ ನಾಶವಾಗುತ್ತದೆ. ಗಿಡದೊಳಗಿನದು ಬೆಳೆಯ ಅವಧಿಯುದ್ದಕ್ಕೂ ಇರುತ್ತದೆ. ಎರಡೂ ಒಂದೇ ಎಂದು ಹೇಳಲಾಗದು.

ಪ್ರಯೋಜನಗಳು

ಬಾಂಗ್ಲಾದೇಶವು 2013ರ ಅಕ್ಟೋಬರ್ ತಿಂಗಳಲ್ಲಿ ನಾಲ್ಕು ಬಿಟಿ ಬದನೆ ತಳಿಗಳಿಗೆ ಅನುಮತಿ ನೀಡಿ, 2014ರ ಜನವರಿಯಲ್ಲಿ 20 ಮಂದಿ ರೈತರಿಗೆ ಸಸಿಗಳನ್ನು ವಿತರಿಸಿತು. ನಂತರ ಅಲ್ಲಿ ನಡೆದ ಕ್ಷೇತ್ರ ಅಧ್ಯಯನಗಳಲ್ಲಿ ಕೀಟನಾಶಕದ ಬಳಕೆಯು ಗಣನೀಯವಾಗಿ ಇಳಿದು, ಮಾರಾಟಕ್ಕೆ ಯೋಗ್ಯವಾದ ಕಾಯಿಯ ಇಳುವರಿ ಹೆಚ್ಚಿದುದು ಕಂಡುಬಂದಿದೆ. ಸಿಂಪಡಣೆ ಪೂರ್ಣವಾಗಿ ನಿಂತಿಲ್ಲ. ರಸ ಹೀರುವ ಕೀಟಗಳ ಮೇಲೆ ಈ ವಂಶವಾಹಿಯು ಪರಿಣಾಮ ಬೀರುವುದಿಲ್ಲ.

ಬೇರೆ ಬೆಳೆಗಳಲ್ಲಿ ಬೇರೆ ಬಗೆಯ ಪ್ರಯೋಜನಗಳಿವೆ. ಅಮೆರಿಕದ ಹವಾಯಿ ದ್ವೀಪಗಳಲ್ಲಿ ಉಂಗುರ ಚುಕ್ಕೆ ನಂಜುರೋಗದಿಂದ ನಾಶವಾಗುತ್ತಿದ್ದ ಪರಂಗಿ ಬೆಳೆಯು 1998ರಲ್ಲಿ ರೋಗನಿರೋಧಕ ಕುಲಾಂತರಿ ತಳಿಯ ಬೀಜ ವಿತರಣೆಯಾದ ಮೇಲೆ ಚೇತರಿಸಿಕೊಂಡಿತು. ಔಷಧ ಕ್ಷೇತ್ರದಲ್ಲಿಯೂ ಇದೇ ತಂತ್ರಜ್ಞಾನದ ಬಳಕೆಯಿದ್ದು, ಮಧುಮೇಹಿಗಳು ಬಳಸುವ ಮಾನವ ಇನ್ಸುಲಿನ್ 1982ರಿಂದ ಈ ವಿಧಾನದಲ್ಲಿ ತಯಾರಾಗುತ್ತಿದೆ. ಎ ಜೀವಸತ್ವದ ಕೊರತೆ ನೀಗಲೆಂದು ರೂಪಿಸಿದ ‘ಹೊಂಬಣ್ಣದ ಅಕ್ಕಿ’ಗೆ ಫಿಲಿಪ್ಪೀನ್ಸ್ 2021ರಲ್ಲಿ ಅನುಮತಿ ನೀಡಿತ್ತಾದರೂ, 2024ರ ಏಪ್ರಿಲ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು ಅದರ ಬೇಸಾಯಕ್ಕೆ ತಡೆಯೊಡ್ಡಿತು.

ಅಪಾಯಗಳು ಮತ್ತು ಸಂದೇಹಗಳು

ಆರೋಗ್ಯಕ್ಕೆ ಸಂಬಂಧಿಸಿದಂತೆ ಮೊದಲು ಪರಿಶೀಲಿಸಬೇಕಾದುದು ಅಲರ್ಜಿ. ಸೋಯಾಬೀನಿನ ಪೌಷ್ಟಿಕತೆ ಹೆಚ್ಚಿಸಲೆಂದು ಬ್ರೆಜಿಲ್ ನಟ್ ಎಂಬ ಬೀಜದ ವಂಶವಾಹಿಯನ್ನು ಸೇರಿಸಿದಾಗ, ಆ ಬೀಜವು ಒಗ್ಗದವರಿಗೆ ಸೋಯಾಬೀನ್ ಸಹ ಒಗ್ಗದೆಂಬುದು ಪರೀಕ್ಷೆಯಲ್ಲಿ ತಿಳಿದುಬಂದಿತು. ಈ ಫಲಿತಾಂಶವು 1996ರಲ್ಲಿ ಪ್ರಕಟವಾಯಿತು. ಆ ತಳಿಯು ಮಾರುಕಟ್ಟೆಗೆ ಬರಲಿಲ್ಲ. ಪರೀಕ್ಷೆಯು ತನ್ನ ಕೆಲಸವನ್ನು ಮಾಡಿತು ಎಂದು ಇದನ್ನು ಅರ್ಥೈಸಬಹುದು. ಆದರೆ 2000ದಲ್ಲಿ ಅಮೆರಿಕದಲ್ಲಿ ನಡೆದುದು ಬೇರೆ. ಪಶು ಆಹಾರಕ್ಕೆಂದು ಮಾತ್ರ ಅನುಮತಿ ಪಡೆದಿದ್ದ ಸ್ಟಾರ್‌ಲಿಂಕ್ ಎಂಬ ಮೆಕ್ಕೆಜೋಳವು ಜನರು ತಿನ್ನುವ ತಿನಿಸುಗಳಲ್ಲಿ ಪತ್ತೆಯಾಗಿ, ಅವುಗಳನ್ನು ಅಂಗಡಿಗಳಿಂದ ಹಿಂತೆಗೆದುಕೊಳ್ಳಬೇಕಾಯಿತು. ಕಾಳು ಕಣಜಕ್ಕೆ ಸೇರಿದ ಮೇಲೆ ಯಾವುದು ಯಾವುದೆಂದು ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದು ಸಾಕ್ಷಿ.

ಅನುಮತಿ ಪಡೆದು ಮಾರುಕಟ್ಟೆಗೆ ಬಂದಿರುವ ಕುಲಾಂತರಿ ಬೆಳೆಗಳ ಬಗ್ಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ವಿಸ್ತೃತ ವರದಿ ನೀಡಿದವು. ಇಂತಹ ಆಹಾರವು ಸಾಮಾನ್ಯ ಆಹಾರಕ್ಕಿಂತ ಆರೋಗ್ಯಕ್ಕೆ ಹೆಚ್ಚು ಅಪಾಯಕಾರಿಯೆಂಬುದಕ್ಕೆ ಖಚಿತ ಸಾಕ್ಷ್ಯ ದೊರೆತಿಲ್ಲವೆಂದು ಅದರಲ್ಲಿ ತಿಳಿಸಲಾಗಿದೆ. ಸೂಕ್ಷ್ಮವಾದ ಅಥವಾ ದೀರ್ಘಕಾಲಿಕವಾದ ಪರಿಣಾಮಗಳನ್ನು ಗುರುತಿಸುವುದು ಕಷ್ಟವೆಂಬ ಮಾತೂ ಅದೇ ವರದಿಯಲ್ಲಿದೆ. ವಾದಿಸುವವರು ಸಾಮಾನ್ಯವಾಗಿ ಇವೆರಡರಲ್ಲಿ ತಮಗೆ ಬೇಕಾದ ಒಂದು ಮಾತನ್ನು ಮಾತ್ರ ಉಲ್ಲೇಖಿಸುತ್ತಾರೆ.

ಪರಿಸರದ ಪ್ರಶ್ನೆಯು ಇದಕ್ಕಿಂತ ಜಟಿಲವಾದುದು. ಹುಳುಗಳು ಬಿಟಿ ವಿಷಕ್ಕೆ ಒಗ್ಗಿಕೊಳ್ಳುತ್ತವೆ. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯು ಆರಂಭದಲ್ಲಿ ಕಾಯಿಕೊರಕವನ್ನು ಹತೋಟಿಯಲ್ಲಿಟ್ಟಿತು. ಕೆಲವೇ ವರ್ಷಗಳಲ್ಲಿ ಗುಲಾಬಿ ಕಾಯಿಕೊರಕವು ಮೊದಲು ಒಂದು ವಂಶವಾಹಿಯ ತಳಿಗೂ, ಅನಂತರ ಎರಡು ವಂಶವಾಹಿಗಳ ತಳಿಗೂ ನಿರೋಧಕ ಶಕ್ತಿ ಬೆಳೆಸಿಕೊಂಡಿತು. ಬೆಳೆಯ ಸುತ್ತ ಬಿಟಿಯಲ್ಲದ ಸಾಲುಗಳನ್ನು ಬಿತ್ತಬೇಕೆಂಬ ಸೂಚನೆಯು ಬಹುತೇಕ ಹೊಲಗಳಲ್ಲಿ ಪಾಲನೆಯಾಗಲಿಲ್ಲ. ಗುಂಟೆ ಲೆಕ್ಕದ ಹೊಲವಿರುವವರು ಹುಳುವಿಗೆಂದು ಸಾಲು ಬಿಡುವುದು ಸುಲಭವಲ್ಲ.

ಬದನೆಯ ವಿಷಯದಲ್ಲಿ ಇನ್ನೊಂದು ಅಂಶವಿದೆ. ಭಾರತವು ಬದನೆಯ ವೈವಿಧ್ಯದ ತವರುಗಳಲ್ಲಿ ಒಂದು. ಉಡುಪಿ ಬಳಿಯ ಮಟ್ಟು ಗ್ರಾಮದ ಗುಳ್ಳವನ್ನು ಇಲ್ಲಿ ಹೆಸರಿಸಬಹುದು. ತಿಳಿ ಹಸಿರು ಬಣ್ಣದ, ದುಂಡನೆಯ ಈ ಬದನೆಯ ಬೀಜವನ್ನು ಶ್ರೀ ವಾದಿರಾಜರು ನೀಡಿದರೆಂಬ ಪ್ರತೀತಿಯಿದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬದನೆಯಲ್ಲಿ ಕೀಟಗಳ ಮೂಲಕ ಪರಕೀಯ ಪರಾಗಸ್ಪರ್ಶವೂ ನಡೆಯುವುದರಿಂದ, ನೆರೆಯ ಹೊಲದ ಕುಲಾಂತರಿ ತಳಿಯ ವಂಶವಾಹಿಯು ನಾಟಿ ತಳಿಗೂ ಕಾಡು ಬದನೆಗೂ ಸೇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ತಲೆಮಾರುಗಳಿಂದ ತಮ್ಮ ಬೀಜವನ್ನು ತಾವೇ ಕಾಪಾಡಿಕೊಂಡು ಬಂದವರಿಗೆ ಇದು ಕೇವಲ ಊಹೆಯ ಭಯವಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಬಿಟಿ ವಂಶವಾಹಿಯನ್ನು ಸೇರಿಸಲು ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ಉಡುಪಿ ಗುಳ್ಳವೂ ಒಂದಾಗಿತ್ತು. 2002ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಅಗತ್ಯವಾದ ಅನುಮತಿಯನ್ನು ಪಡೆಯಲಾಗಿತ್ತೇ ಎಂಬ ಪ್ರಶ್ನೆಯು ಮುಂದೆ ನ್ಯಾಯಾಲಯದವರೆಗೂ ಹೋಯಿತು.

2010ರ ತಡೆ

ಕೇಂದ್ರದ ಕುಲಾಂತರಿ ಅನುಮೋದನಾ ಸಮಿತಿಯು 2009ರ ಅಕ್ಟೋಬರ್ 14ರಂದು ಬಿಟಿ ಬದನೆಗೆ ಸಮ್ಮತಿ ನೀಡಿತು. ಅಂದಿನ ಕೇಂದ್ರ ಪರಿಸರ ಸಚಿವರಾದ ಶ್ರೀ ಜೈರಾಂ ರಮೇಶ್ ಅವರು ಅದನ್ನು ಕೂಡಲೇ ಜಾರಿಗೆ ತರದೆ, 2010ರ ಜನವರಿ ಮತ್ತು ಫೆಬ್ರವರಿ ತಿಂಗಳಲ್ಲಿ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನಾ ಸಭೆಗಳನ್ನು ನಡೆಸಿದರು. ಕೊನೆಯ ಸಭೆಯು ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು. ಮೂರು ದಿನಗಳ ನಂತರ, ಫೆಬ್ರವರಿ 9ರಂದು, ಅನಿರ್ದಿಷ್ಟಾವಧಿಯ ತಡೆಯನ್ನು ಪ್ರಕಟಿಸಲಾಯಿತು. ಬದನೆಯು ಅಪಾಯಕಾರಿಯೆಂದು ರುಜುವಾತಾಗಿದೆ ಎಂದು ಆ ಆದೇಶವು ಹೇಳಲಿಲ್ಲ. ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಸ್ವತಂತ್ರವಾದ ಪರೀಕ್ಷೆಗಳು ಸಾಲದು, ರಾಜ್ಯ ಸರ್ಕಾರಗಳು ಒಪ್ಪಿಲ್ಲ, ಆತುರಪಡಬೇಕಾದ ಅಗತ್ಯವೂ ಇಲ್ಲ ಎಂಬುದು ಅದರ ತಾತ್ಪರ್ಯ. ಪರೀಕ್ಷೆಗಳ ಬಹುಪಾಲು ದತ್ತಾಂಶವು ತಳಿಯನ್ನು ರೂಪಿಸಿದ ಕಂಪನಿಯದೇ ಆಗಿದ್ದುದು, ಇಲಿಗಳಿಗೆ ತಿನ್ನಿಸಿದ ಪರೀಕ್ಷೆಯು 90 ದಿನಗಳದ್ದಾಗಿದ್ದುದು ಟೀಕೆಗೆ ಗುರಿಯಾಗಿದ್ದವು.

ತಡೆಯಿದ್ದರೂ 2019ರಲ್ಲಿ ಹರಿಯಾಣದ ಫತೇಹಾಬಾದ್ ಜಿಲ್ಲೆಯ ಹೊಲವೊಂದರಲ್ಲಿ ಅನಧಿಕೃತ ಬಿಟಿ ಬದನೆ ಪತ್ತೆಯಾಗಿ, ಬೆಳೆಯನ್ನು ನಾಶಪಡಿಸಲಾಯಿತು. ಬೀಜವು ಅಲ್ಲಿಗೆ ಹೇಗೆ ಬಂದಿತೆಂಬುದು ತಡೆಯಷ್ಟೇ ಮುಖ್ಯವಾದ ಪ್ರಶ್ನೆಯಾಗಿದೆ.

ಸಾಸಿವೆಯ ಡಿಎಂಎಚ್-11 ತಳಿಗೆ 2022ರ ಅಕ್ಟೋಬರ್‌ನಲ್ಲಿ ಪರಿಸರ ಬಿಡುಗಡೆಯ ಅನುಮತಿ ದೊರೆಯಿತು. 2024ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಆ ಅನುಮತಿಯ ಸಿಂಧುತ್ವದ ಬಗ್ಗೆ ಭಿನ್ನ ತೀರ್ಪು ನೀಡಿದರು. ಆದರೆ ಕುಲಾಂತರಿ ಬೆಳೆಗಳ ಬಗ್ಗೆ ರಾಷ್ಟ್ರೀಯ ನೀತಿಯೊಂದು ರೂಪುಗೊಳ್ಳಬೇಕೆಂಬುದರಲ್ಲಿಯೂ, ಆಮದಾಗುವ ಕುಲಾಂತರಿ ಖಾದ್ಯತೈಲಕ್ಕೆ ಲೇಬಲ್ ನಿಯಮಗಳು ಅನ್ವಯಿಸಬೇಕೆಂಬುದರಲ್ಲಿಯೂ ಇಬ್ಬರೂ ಒಮ್ಮತ ಹೊಂದಿದ್ದರು. 2025ರ ಮೇ ತಿಂಗಳಲ್ಲಿ ಪ್ರಕಟಿಸಲಾದ ಎರಡು ಭತ್ತದ ತಳಿಗಳು ಈ ವರ್ಗಕ್ಕೆ ಸೇರುವುದಿಲ್ಲ. ಅವುಗಳಲ್ಲಿ ಅನ್ಯ ಜೀವಿಯ ವಂಶವಾಹಿಯನ್ನು ಸೇರಿಸದೆ, ಭತ್ತದ ವಂಶವಾಹಿಯನ್ನೇ ತಿದ್ದಲಾಗಿದೆ.

ಈಗಾಗಲೇ ಅಡುಗೆಮನೆಯಲ್ಲಿರುವುದು

ಭಾರತದಲ್ಲಿ ವಾಣಿಜ್ಯ ಪ್ರಮಾಣದಲ್ಲಿ ಬೆಳೆಯುತ್ತ ಬಂದಿರುವ ಕುಲಾಂತರಿ ಬೆಳೆ ಹತ್ತಿಯೊಂದೇ. ಹಾಗೆಂದು ಕುಲಾಂತರಿ ಮೂಲದ ಪದಾರ್ಥವು ಮನೆಗೆ ಬಂದೇ ಇಲ್ಲವೆಂದು ತಿಳಿಯಬಾರದು. ಹತ್ತಿಬೀಜದ ಎಣ್ಣೆಯು ಖಾದ್ಯತೈಲಗಳಲ್ಲಿ ಬಳಕೆಯಾಗುತ್ತದೆ, ಅದರ ಹಿಂಡಿಯನ್ನು ಹಸು ಎಮ್ಮೆಗಳಿಗೆ ನೀಡಲಾಗುತ್ತದೆ. ಕುಲಾಂತರಿ ಸೋಯಾಬೀನಿನಿಂದ ತೆಗೆದ ಎಣ್ಣೆಯ ಆಮದಿಗೆ 2007ರಲ್ಲಿಯೇ ಅನುಮತಿ ನೀಡಲಾಗಿದೆ. ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಸಸಾರಜನಕವು ಬಹುತೇಕ ಉಳಿಯುವುದಿಲ್ಲವಾದುದರಿಂದ ಅಲರ್ಜಿಯ ಸಂಭವವು ಅತ್ಯಲ್ಪ. ಆದರೆ ಅದೇ ಕಾರಣದಿಂದ ಎಣ್ಣೆಯು ಕುಲಾಂತರಿ ಮೂಲದ್ದೇ ಎಂಬುದನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚುವುದೂ ಕಷ್ಟ. ಇಂತಹ ಪದಾರ್ಥಗಳ ವಿಷಯದಲ್ಲಿ ಬೀಜದಿಂದ ಬಾಟಲಿಯವರೆಗಿನ ದಾಖಲೆಗಳೇ ಆಧಾರ.

ಗ್ರಾಹಕರಿಗೆ ಲಭ್ಯವಿರುವ ಅವಕಾಶಗಳು

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದ 22ನೇ ಪ್ರಕರಣದ ಮೇರೆಗೆ, ನಿಯಮಗಳಲ್ಲಿ ಅವಕಾಶವಿದ್ದ ಹೊರತು ಕುಲಾಂತರಿ ಆಹಾರವನ್ನು ತಯಾರಿಸುವುದು, ಮಾರುವುದು, ಆಮದು ಮಾಡಿಕೊಳ್ಳುವುದು ನಿಷಿದ್ಧ. 2021ರ ಮಾರ್ಚ್ 1ರಿಂದ ಜಾರಿಗೆ ಬಂದ ಆದೇಶದಂತೆ ಸೇಬು, ಪರಂಗಿ, ಆಲೂಗೆಡ್ಡೆ, ಮೆಕ್ಕೆಜೋಳ, ಅಕ್ಕಿ ಮುಂತಾದ 24 ಬೆಳೆಗಳು ಆಮದಾಗುವಾಗ ಅವು ಕುಲಾಂತರಿಯಲ್ಲವೆಂಬ ಪ್ರಮಾಣಪತ್ರವನ್ನು ಹಾಜರುಪಡಿಸಬೇಕು. ಆಕಸ್ಮಿಕವಾಗಿ ಬೆರೆತ ಅಂಶಕ್ಕೆ ಶೇ. 1ರ ಮಿತಿಯಿದೆ. ಕುಲಾಂತರಿ ಪದಾರ್ಥವನ್ನು ಪೂರ್ಣವಾಗಿ ಹೊರತುಪಡಿಸಲು ಬಯಸುವವರು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಡಿ ಪ್ರಮಾಣೀಕೃತವಾದ, ‘ಜೈವಿಕ್ ಭಾರತ್’ ಚಿಹ್ನೆಯಿರುವ ಪೊಟ್ಟಣಗಳನ್ನು ಆರಿಸಿಕೊಳ್ಳಬಹುದು. ಸಾವಯವ ಪ್ರಮಾಣೀಕರಣದಲ್ಲಿ ಕುಲಾಂತರಿ ಬೀಜಕ್ಕೆ ಅವಕಾಶವಿಲ್ಲ. ಬರಿಯ ‘ನೈಸರ್ಗಿಕ’ ಎಂಬ ಮುದ್ರಣಕ್ಕೆ ಈ ಅರ್ಥವಿಲ್ಲ.

ಪದಾರ್ಥವೊಂದರ ಬಗ್ಗೆ ಸಂಶಯವಿರುವ ಗ್ರಾಹಕರು ಅದೇ ಅಧಿನಿಯಮದ 40ನೇ ಪ್ರಕರಣದಡಿ ನಿಗದಿತ ಶುಲ್ಕವನ್ನು ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷಾ ವರದಿಯನ್ನು ಪಡೆಯಬಹುದು. ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸತಕ್ಕದ್ದು. ಪದಾರ್ಥವು ಕಾನೂನಿಗೆ ಅನುಗುಣವಾಗಿಲ್ಲವೆಂದು ವರದಿಯಿಂದ ತಿಳಿದುಬಂದಲ್ಲಿ ಶುಲ್ಕವನ್ನು ಹಿಂತಿರುಗಿಸಲಾಗುತ್ತದೆ. ಕುಲಾಂತರಿ ಅಂಶದ ಪತ್ತೆಗೆ ವಂಶವಾಹಿ ಪರೀಕ್ಷೆ ಅಗತ್ಯವಾಗಿದ್ದು, ಎಲ್ಲ ಪ್ರಯೋಗಾಲಯಗಳಲ್ಲಿ ಈ ಸೌಲಭ್ಯವಿರುವುದಿಲ್ಲ. ಅದನ್ನು ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ. ಖರೀದಿಯ ರಸೀದಿ ಮತ್ತು ತಂಡದ ಸಂಖ್ಯೆಯಿರುವ ಮೂಲ ಪೊಟ್ಟಣವನ್ನು ಕಾಯ್ದಿರಿಸಿಕೊಳ್ಳಬೇಕು.

ಯಾವುದೇ ತಳಿಯ ಸುರಕ್ಷತಾ ಪರೀಕ್ಷೆಗಳ ವಿವರಗಳನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಕೋರಬಹುದು. ಬಿಟಿ ಬದನೆಯ ಪರೀಕ್ಷಾ ದತ್ತಾಂಶವನ್ನು ವಾಣಿಜ್ಯ ಗೋಪ್ಯತೆಯ ಕಾರಣ ನೀಡಿ ಮೊದಲು ಬಹಿರಂಗಪಡಿಸಿರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಗೂ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದ ನಂತರ ಅದು ಸಾರ್ವಜನಿಕರಿಗೆ ಲಭ್ಯವಾಯಿತು. ಕೇಂದ್ರದ ಕಚೇರಿಗಳಿಗೆ ಅರ್ಜಿ ಶುಲ್ಕ 10 ರೂಪಾಯಿ. ಉತ್ತರ ನೀಡಲು 30 ದಿನಗಳ ಕಾಲಾವಕಾಶವಿದೆ. ಗೋಪ್ಯತೆಯ ಕಾರಣದಿಂದ ಅರ್ಜಿ ತಿರಸ್ಕೃತವಾದಲ್ಲಿ, ವ್ಯಾಪಕ ಸಾರ್ವಜನಿಕ ಹಿತಾಸಕ್ತಿಯನ್ನು ಉಲ್ಲೇಖಿಸಿ ಮೊದಲು ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೂ, ಅನಂತರ ಕೇಂದ್ರ ಮಾಹಿತಿ ಆಯೋಗಕ್ಕೂ ಮೇಲ್ಮನವಿ ಸಲ್ಲಿಸಬಹುದು.