ಗೆದ್ದಲಿಗೆ ಮರೆ ಕೊಡದ ಮನೆ

ಕರ್ನಾಟಕದ ಮನೆಗಳಲ್ಲಿ ಮರಮುಟ್ಟಿನ ಹಳೆಯ ವೈರಿ ಗೆದ್ದಲು. ಅಮೆರಿಕ, ಕೆನಡಾಗಳ ಮರದ ಮನೆಗಳನ್ನು ಕೊರೆಯುವ ಬಡಗಿ ಇರುವೆಯ ಕುಲಕ್ಕೇ ಸೇರಿದ ಕರಿ ಗೊದ್ದ ಇಲ್ಲಿಯೂ ಉಂಟು. ಆದರೆ ಅದರ ಕಣ್ಣು ಬೆಲ್ಲದ ಡಬ್ಬಿಯ ಮೇಲೆ. ಆ ಕುಲದ ಇರುವೆಗಳು ಮರ ತಿನ್ನುವುದಿಲ್ಲ. ನೆನೆದು ಮೆತ್ತಗಾದ ಮರ ಸಿಕ್ಕರೆ ಕೊರೆದು ಗೂಡು ಮಾಡಿಕೊಳ್ಳುತ್ತವೆ, ಅಷ್ಟೆ. ಗೆದ್ದಲಿಗೋ ಮರವೇ ಊಟ. ಅದು ಇರುವೆಯ ಜಾತಿಯೂ ಅಲ್ಲ, ಜಿರಳೆಯ ಹತ್ತಿರದ ನಂಟು.

ಮಣ್ಣಿನಲ್ಲಿ ಗೂಡು ಕಟ್ಟುವ ಗೆದ್ದಲಿನ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ. ಅದರ ಮೈ ತೀರ ಮೆದು, ಬಿಸಿಲು ಗಾಳಿಗೆ ಬೇಗ ಒಣಗಿ ಸಾಯುತ್ತದೆ. ಆದ್ದರಿಂದ ನೆಲದ ತೇವದಿಂದ ಮರದವರೆಗೆ ಮಣ್ಣು ಮೆತ್ತಿದ ಮುಚ್ಚುದಾರಿ ಕಟ್ಟಿಕೊಂಡೇ ಅದು ಬರಬೇಕು. ಆ ದಾರಿ ಯಾರ ಕಣ್ಣಿಗೂ ಬೀಳದಂತಿದ್ದರೆ ತೊಲೆಯ ಒಳಗನ್ನೆಲ್ಲ ತಿಂದು, ಹೊರಗೆ ಕಾಗದದಷ್ಟು ತೆಳುವಾದ ಸಿಪ್ಪೆಯನ್ನು ಮಾತ್ರ ಉಳಿಸುತ್ತದೆ. ಹಳೆಯ ಕಾಲದ ಮನೆ ಕಟ್ಟುವವರ ಉಪಾಯವೆಲ್ಲ ಇಷ್ಟೇ: ಗೆದ್ದಲಿಗೆ ಮರೆ ಕೊಡಬಾರದು.

ಈ ಉಪಾಯದ ಮೊದಲ ಗುರುತು ಕಂಬದ ಬುಡದಲ್ಲಿದೆ. ಮಲೆನಾಡಿನ ಚೌಕಿಮನೆಯಲ್ಲಾಗಲಿ, ಕರಾವಳಿಯ ಗುತ್ತಿನ ಮನೆಯ ಚಾವಡಿಯಲ್ಲಾಗಲಿ ಮರದ ಕಂಬವನ್ನು ನೆಲದಲ್ಲಿ ಹೂಳುತ್ತಿರಲಿಲ್ಲ. ಕೆತ್ತಿದ ಅಡಿಗಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಬೆಂಗಳೂರಿನ ಕೋಟೆಯ ಬಳಿ 1791ರಲ್ಲಿ ಮುಗಿದ ಟಿಪ್ಪುವಿನ ಅರಮನೆಯ ತೇಗದ ಕಂಬಗಳೂ ಕಲ್ಲಿನ ಪೀಠದ ಮೇಲೆಯೇ ನಿಂತಿವೆ. ಕಲ್ಲು ಗೆದ್ದಲನ್ನು ತಡೆದೇಬಿಡುತ್ತದೆ ಎಂದಲ್ಲ, ಅದು ಕಲ್ಲನ್ನೂ ಏರಬಲ್ಲದು. ಆದರೆ ಬೋಳುಗಲ್ಲಿನ ಮೇಲೆ ಪೆನ್ಸಿಲ್ ದಪ್ಪದ ಕೆಮ್ಮಣ್ಣಿನ ಗೆರೆ ಎದ್ದರೆ ಬೆಳಗ್ಗೆ ಕಸ ಗುಡಿಸುವವರಿಗೆ ಕಾಣದೆ ಇರದು. ಪೊರಕೆಯ ಹಿಡಿಯಿಂದ ಅದನ್ನು ಉದುರಿಸಿ, ಒಂದೆರಡು ದಿನ ಬಿಟ್ಟು ನೋಡಬೇಕು. ಮತ್ತೆ ಹಸಿಮಣ್ಣು ಮೆತ್ತಿದ್ದರೆ ಗೂಡು ಜೀವಂತ ಇದೆ ಎಂದರ್ಥ. ಬೆರಳಗಂಟಿನಿಂದ ಕಂಬ, ದಾರಂದಗಳನ್ನು ತಟ್ಟಿ ಸದ್ದು ಕೇಳುವುದು, ಮೊದಲ ಮಳೆಯ ಮರುದಿನ ಕಿಟಕಿಯ ಬುಡದಲ್ಲಿ ಉದುರಿದ ರೆಕ್ಕೆಗಳನ್ನು ಹುಡುಕುವುದು ಇಂದಿಗೂ ಬದಲಾಗದ ಪರೀಕ್ಷೆಗಳು.

ಎರಡನೆಯ ಎಚ್ಚರಿಕೆ ಮರದ ಆಯ್ಕೆ. ತೇಗ, ಹೊನ್ನೆ, ಬೀಟೆ, ಹಲಸು ಇವುಗಳ ಕೆಚ್ಚು ತೊಲೆ ಬಾಗಿಲಿಗೆ. ಮಾವು, ಬೂರುಗಗಳು ಪೆಟ್ಟಿಗೆ, ತಾತ್ಕಾಲಿಕ ಹಲಗೆಗಳಿಗೆ. ತೇಗದ ಕೆಚ್ಚಿನಲ್ಲಿರುವ ಟೆಕ್ಟೋಕ್ವಿನೋನ್ ಎಂಬ ರಾಸಾಯನಿಕ ಗೆದ್ದಲಿಗೆ ಆಗದು ಎಂದು ವಿಜ್ಞಾನ ಮುಂದೆ ತೋರಿಸಿತು. ಆದರೆ ಅದೇ ತೇಗದ ಹೊರಮೈಯ ಬಿಳಿಭಾಗವನ್ನು ಗೆದ್ದಲು ಧಾರಾಳವಾಗಿ ತಿನ್ನುತ್ತದೆ. ಬಿಳಿ ಕೆತ್ತಿ ತೆಗೆಯದ ಆಚಾರಿಯ ಕೆಲಸ ಕೆಲವೇ ವರ್ಷಗಳಲ್ಲಿ ಬಯಲಾಗುತ್ತಿತ್ತು. ಅಮಾವಾಸ್ಯೆಯ ಹತ್ತಿರ ಮರ ಕಡಿಯಬೇಕೆಂಬ ನಂಬಿಕೆಯಲ್ಲಿ ಚಂದ್ರನ ಪಾಲು ಎಷ್ಟೋ, ಮಳೆಗಾಲ ಕಳೆದು ಒಣಹವೆ ಬಂದ ಮೇಲೆ ಕಡಿಯಬೇಕೆಂಬ ಮಾತಿಗಂತೂ ಅರ್ಥವಿದೆ. ಬಿದಿರನ್ನು ವಾರಗಟ್ಟಲೆ ನೀರಿನಲ್ಲಿ ಮುಳುಗಿಸಿಡುವ ಪದ್ಧತಿಯೂ ಹಾಗೆಯೇ: ಪಿಷ್ಟ ಕರಗಿಹೋದರೆ ಹುಳುವಿಗೆ ರುಚಿ ಇರದು. ಇದು ಗೆದ್ದಲಿಗಿಂತ, ಬಿದಿರನ್ನು ಪುಡಿಮಾಡುವ ಕುಟ್ಟೆ ಹುಳುವಿಗೆ ಮದ್ದು.

ಮೂರನೆಯದು ಹೊಗೆ. ಚಿಮಣಿಯಿಲ್ಲದ ಅಡುಗೆಮನೆಯ ಹೊಗೆ ಅಟ್ಟದ ಮರವನ್ನು ಕಪ್ಪಾಗಿಸಿ, ಒಣಗಿಸಿಡುತ್ತಿತ್ತು. ಹುಲ್ಲಿನ ಇಲ್ಲವೇ ಅಡಿಕೆ ಸೋಗೆಯ ಮಾಡನ್ನು ವರ್ಷ ವರ್ಷ ಬಿಚ್ಚಿ ಹೊದೆಸಬೇಕಿತ್ತು. ಆ ನೆಪದಲ್ಲಿ ಪಕಾಸು, ಜಂತೆಗಳ ತಪಾಸಣೆಯೂ ಆಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ವಾರ್ಷಿಕ ಕೆಲಸ ಮೆಲ್ಲಗೆ ಇಲ್ಲವಾಯಿತು. ಹೆಂಚು ಬೆಂಕಿಯ ಭಯವನ್ನು ಕಳೆಯಿತು, ಜೊತೆಗೆ ವರ್ಷಕ್ಕೊಮ್ಮೆ ಮಾಡು ಬಿಚ್ಚಿ ನೋಡುವ ಅಭ್ಯಾಸವನ್ನೂ ಕಳೆಯಿತು. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಎಣ್ಣೆ. ಪೋರ್ಚುಗೀಸರ ಕಾಲದಲ್ಲಿ ಬಂದ ಗೇರುಬೀಜದ ಸಿಪ್ಪೆಯಿಂದ ತೆಗೆದ, ಮುಟ್ಟಿದರೆ ಕೈ ಬೊಕ್ಕೆ ಏಳುವ ಎಣ್ಣೆಯನ್ನು ಕರಾವಳಿಯಲ್ಲಿ ದೋಣಿಗೂ ಪಕಾಸಿಗೂ ಬಳಿಯುತ್ತಿದ್ದರು. ಮೋಟಾರು ಗಾಡಿಗಳು ಬಂದಮೇಲೆ ಗ್ಯಾರೇಜಿನ ಕರಿ ಎಣ್ಣೆಯೂ ಈ ಕೆಲಸಕ್ಕೆ ಸೇರಿತು.

ದಕ್ಷಿಣ ಭಾರತದ ಗೆದ್ದಲನ್ನು ಯುರೋಪಿನ ವಿಜ್ಞಾನಕ್ಕೆ ಮೊದಲು ವಿವರವಾಗಿ ಪರಿಚಯಿಸಿದವರಲ್ಲಿ ಲಿನೇಯಸ್‌ನ ಶಿಷ್ಯ, ತರಂಗಂಬಾಡಿಗೆ ಬಂದಿದ್ದ ವೈದ್ಯ ಯೋಹಾನ್ ಗೆರ್ಹಾರ್ಡ್ ಕ್ಯೋನಿಗ್ ಒಬ್ಬ. 1779ರ ಅವನ ಬರಹ ತಂಜಾವೂರು ಸೀಮೆಯ ಹುತ್ತಗಳನ್ನು ಕುರಿತದ್ದು. ಮರವನ್ನೇ ವಿಷವಾಗಿಸುವ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ. 1933ರಲ್ಲಿ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣವನ್ನು ರೂಪಿಸಿದರು. ಆರ್ಸೆನಿಕ್ ಕೀಟವನ್ನು, ತಾಮ್ರ ಬೂಷ್ಟನ್ನು ತಡೆದರೆ, ಮಳೆಗೆ ತೊಳೆದುಹೋಗದಂತೆ ಎರಡನ್ನೂ ಮರಕ್ಕೆ ಕಚ್ಚಿಸುವುದು ಕ್ರೋಮಿಯಂ. ಆಸ್ಕು ಎಂಬ ಹೆಸರಿನ ಈ ಮದ್ದು ವಿದ್ಯುತ್ ಕಂಬಗಳ ಮೂಲಕ ಜಗತ್ತೆಲ್ಲ ಹರಡಿತು. ಆರ್ಸೆನಿಕ್‌ನ ಭಯದಿಂದ ಅಮೆರಿಕದಲ್ಲಿ ವಾಸದ ಮನೆಗಳ ಮರಕ್ಕೆ ಇದರ ಬಳಕೆ 2003ರ ಕೊನೆಗೆ ನಿಂತಿತು.

ಬೆಂಗಳೂರಿನ ಮಲ್ಲೇಶ್ವರದಲ್ಲಿ 1938ರಲ್ಲಿ ಆರಂಭವಾದ ಅರಣ್ಯ ಸಂಶೋಧನಾ ಪ್ರಯೋಗಾಲಯ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಮರದ ಬಾಳಿಕೆ ಅಳೆಯಲು ಇಂಥ ಸಂಸ್ಥೆಗಳು ಅನುಸರಿಸುವ ಕ್ರಮ ಸರಳ: ತುಂಡುಗಳನ್ನು ಗೆದ್ದಲಿರುವ ನೆಲದಲ್ಲಿ ಅರ್ಧ ಹೂತು, ಕಾಲಕಾಲಕ್ಕೆ ಕಿತ್ತು ನೋಡುವುದು. ಸರಾಸರಿ 120 ತಿಂಗಳು ದಾಟಿದ್ದು ಮೊದಲ ದರ್ಜೆ, 60ರಿಂದ 120 ಎರಡನೆಯದು, ಅದಕ್ಕೂ ಕಡಿಮೆಯಾದರೆ ಮೂರನೆಯದು.

ಸ್ವಾತಂತ್ರ್ಯದ ನಂತರ ಸಿಮೆಂಟಿನ ಮನೆ ಸಾಮಾನ್ಯವಾಯಿತು. ಗೆದ್ದಲಿನ ಕಾಟ ತಪ್ಪಿತೆಂಬ ನಂಬಿಕೆ ಮಾತ್ರ ಸುಳ್ಳಾಯಿತು. ದಾರಂದದ ಕಾಲು ನೆಲದ ಗಾರೆಯಲ್ಲಿ ಹುದುಗಿತು, ಗೋಡೆಗೆ ಒತ್ತಿ ಪ್ಲೈವುಡ್ ಕಪಾಟುಗಳು ಬಂದವು. ಅಡಿಗಲ್ಲು ಬಯಲಿಗೆಳೆಯುತ್ತಿದ್ದ ದಾರಿಗೆ ಸಿಮೆಂಟೇ ಮರೆಯಾಯಿತು. ಕಣ್ಣು ಮಾಡುತ್ತಿದ್ದ ಕೆಲಸ ವಿಷದ ಪಾಲಿಗೆ ಬಂತು. ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳನ್ನು ಅಡಿಪಾಯಕ್ಕೆ ಸುರಿಯುವುದು ರೂಢಿಯಾಯಿತು. ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುವುದೇ ಅವುಗಳ ಹೆಚ್ಚುಗಾರಿಕೆ ಎನಿಸಿತ್ತು. 2004ರಲ್ಲಿ ಜಾರಿಗೆ ಬಂದ ಸ್ಟಾಕ್‌ಹೋಮ್ ಒಪ್ಪಂದ ಅದೇ ಕಾರಣಕ್ಕೆ ಅವುಗಳನ್ನು ಮೊದಲ ಪಟ್ಟಿಯಲ್ಲೇ ಸೇರಿಸಿತು. ಅವುಗಳ ಜಾಗಕ್ಕೆ ಕ್ಲೋರ್‌ಪೈರಿಫಾಸ್, ಇಮಿಡಾಕ್ಲೋಪ್ರಿಡ್ ಬಂದವು.

ಭಾರತೀಯ ಮಾನಕ ಐಎಸ್ 6313 ಈಗ ಈ ಕೆಲಸದ ಕೈಪಿಡಿ. ಅದರ ಪ್ರಕಾರ ನೆಲ ಹಾಕುವ ಮುನ್ನ ಒಳಮಣ್ಣಿನ ಪ್ರತಿ ಚದರ ಮೀಟರಿಗೆ 5 ಲೀಟರ್ ದ್ರಾವಣ ಸುರಿಯಬೇಕು. ಕಟ್ಟಿ ಮುಗಿದ ಮನೆಯಾದರೆ ನೆಲ ಗೋಡೆ ಕೂಡುವಲ್ಲಿ 30 ಸೆಂಟಿಮೀಟರಿಗೊಂದು ತೂತು ಕೊರೆದು, ಮದ್ದು ತುಂಬಿ ಮುಚ್ಚಬೇಕು. ಕಟ್ಟಡದ ವಿನ್ಯಾಸದಲ್ಲೇ ಗೆದ್ದಲನ್ನು ತಡೆಯುವ ಕ್ರಮಗಳಿಗೂ ಈ ಮಾನಕದಲ್ಲಿ ಪ್ರತ್ಯೇಕ ಭಾಗವಿದೆ, ಅದೂ ಮೊದಲನೆಯ ಭಾಗ. ಗುತ್ತಿಗೆದಾರರು ತೆರೆದು ನೋಡುವುದು ಹೆಚ್ಚಾಗಿ ಎರಡನೆಯ, ಮೂರನೆಯ ಭಾಗಗಳನ್ನು.