ಬೆಂಕಿ ಹಚ್ಚಿದ್ರ ತಂಪಾಗೋ ಪೆಟ್ಟಿಗೆ

ಯುಗಾದಿ ಮುಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಶ್ರೀಶೈಲಕ್ಕೆ ನಡಕೊಂಡು ಹೋಗೋರ ಬುತ್ತಿ ನೋಡೀರೇನು? ಕಟಕ ರೊಟ್ಟಿ, ಶೇಂಗಾ ಚಟ್ನಿ. ಫ್ರಿಜ್ ಬೇಕಿಲ್ಲ. ಆದ್ರ ನಮ್ಮ ಕಾಕಾನ ಚೀಲದಾಗ ಇನ್ಸುಲಿನ್ ಐತಿ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು.

1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಮೋಟಾರೇ ಇಲ್ಲದ ಫ್ರಿಜ್ ಮಾಡಿದರು. ಉರಿ ಕೊಟ್ಟರೆ ಅಮೋನಿಯಾ ನೀರು ಬಿಟ್ಟು ಮೇಲೇಳುತ್ತದೆ, ತಣಿದು ದ್ರವವಾಗುತ್ತದೆ, ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಬಿಸಿ ಹೀರುತ್ತದೆ. ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚಿದ್ದೂ ಅದೇ ವರ್ಷ, ನೋಡ್ರಿ!

ಇವತ್ತಿನ ಕ್ಯಾಂಪಿಂಗ್ ಗ್ಯಾಸ್ ಫ್ರಿಜ್ ಅದರ ಮೊಮ್ಮಗ. ಸಮತಟ್ಟಾಗಿ ಇಡಬೇಕು, ಟೆಂಟಿನೊಳಗ ಹಚ್ಚಬಾರದು. ಹೊರಗೆ 40 ಡಿಗ್ರಿ ಬಿಸಿಲಿದ್ರ ಅದಕ್ಕೂ ಸುಸ್ತು.

ಕಾಕಾ ಬಳಕೆಯ ಬಾಟಲಿಯನ್ನ ಹಸಿ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿಟ್ಟುಕೊಂಡು ಹೊರಟಾರ.